ಮನೆಯ ಫೋಟೊ, ವಿಡಿಯೊ, ದಾಖಲೆಗಳಿಗೆ ಸರಿಯಾದ ಸಂಗ್ರಹ ಸಾಧನ ಆರಿಸುವುದು ಹೇಗೆ: ಪೆನ್ ಡ್ರೈವ್‌ನಿಂದ ಎಸ್‌ಎಸ್‌ಡಿವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮದುವೆಯ ವಿಡಿಯೊವನ್ನು ಡಿವಿಡಿಯಲ್ಲಿ ಕೊಡುವ ಫೋಟೊಗ್ರಾಫರುಗಳು ಈಗ ಕಡಿಮೆ; ಹೆಚ್ಚಿನವರು ಪೆನ್ ಡ್ರೈವ್‌ನಲ್ಲಿಯೇ ಕೊಡುತ್ತಾರೆ. ಆ ಪೆನ್ ಡ್ರೈವ್ ಆಲ್ಬಮ್ಮಿನ ಜೊತೆಗೆ ಬೀರು ಸೇರುತ್ತದೆ, ಮತ್ತು ಎಷ್ಟೋ ಮನೆಗಳಲ್ಲಿ ಆ ವಿಡಿಯೊದ ಪ್ರತಿ ಅದೊಂದೇ ಆಗಿರುತ್ತದೆ. ಮಕ್ಕಳ ಫೋಟೊಗಳು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಸ್ಕ್ಯಾನ್, ಜಮೀನಿನ ಕ್ರಯಪತ್ರ, ತಂದೆತಾಯಿಯ ವೈದ್ಯಕೀಯ ವರದಿಗಳು ಕೂಡ ಹೀಗೆಯೇ ಯಾವುದೋ ಒಂದು ಫೋನಿನಲ್ಲೋ ಮೆಮೊರಿ ಕಾರ್ಡಿನಲ್ಲೋ ಒಂಟಿಯಾಗಿ ಉಳಿದಿರುತ್ತವೆ. ಪೆನ್ ಡ್ರೈವ್ ಮತ್ತು ಮೆಮೊರಿ ಕಾರ್ಡುಗಳನ್ನು ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದಕ್ಕೆ ಮಾತ್ರ ಬಳಸಬೇಕು, ವರ್ಷಗಟ್ಟಲೆ ಕಾಪಾಡಬೇಕಾದ ಮಾಹಿತಿಗೆ ಪೋರ್ಟಬಲ್ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ (ಚಲಿಸುವ ಭಾಗಗಳಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಬೇಕು, ಅದೂ ಒಂದಲ್ಲ, ಎರಡು ಬೇಕು ಎಂಬುದು ಈ ಲೇಖನದ ನಿಲುವು. ಈ ನಿಲುವಿಗೆ ಕಾರಣವೇನು, ಅದರಂತೆ ಸಾಧನವನ್ನು ಆರಿಸಿ, ಪರೀಕ್ಷಿಸಿ, ಬಳಕೆಗೆ ತರುವುದು ಹೇಗೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಮೊದಲ ಹಂತ: ಏನನ್ನು ಉಳಿಸಬೇಕು, ಅದು ಎಷ್ಟಿದೆ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿರುವ ಮಾಹಿತಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಳ್ಳಿ. ಕಳೆದರೆ ಮತ್ತೆಂದೂ ಸಿಗದವು ಮೊದಲ ಗುಂಪಿಗೆ ಸೇರುತ್ತವೆ: ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಈಗಿಲ್ಲದ ಅಜ್ಜಿಯ ದನಿಯ ಧ್ವನಿಮುದ್ರಣ, ನೀವೇ ಬರೆದ ಬರಹಗಳು. ಓಡಾಡಿದರೆ ಮತ್ತೆ ಪಡೆಯಬಹುದಾದವು ಎರಡನೆಯ ಗುಂಪು. ಪಹಣಿಯನ್ನು ಕಂದಾಯ ಇಲಾಖೆಯ ‘ಭೂಮಿ’ ವ್ಯವಸ್ಥೆಯಿಂದ ಮತ್ತೆ ತೆಗೆಸಬಹುದು. ಚಾಲನಾ ಪರವಾನಗಿಯಂಥ ಹಲವು ದಾಖಲೆಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ, ಮತ್ತು ಅಲ್ಲಿ ಆಯಾ ಇಲಾಖೆಯೇ ನೀಡಿದ ದಾಖಲೆಗೆ ಮೂಲಪ್ರತಿಯ ಮಾನ್ಯತೆಯನ್ನು 2016ರ ನಿಯಮಗಳು ಕೊಟ್ಟಿವೆ. ಆದರೆ ನೀವೇ ಸ್ಕ್ಯಾನ್ ಮಾಡಿ ಅಲ್ಲಿಗೆ ಏರಿಸಿದ ಪ್ರತಿಗೆ ಆ ಮಾನ್ಯತೆ ಇಲ್ಲ ಎಂಬುದು ನೆನಪಿರಲಿ. ಮೂರನೆಯ ಗುಂಪಿನಲ್ಲಿ ಸಿನಿಮಾಗಳು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಶುಭೋದಯದ ಚಿತ್ರಗಳು ಮುಂತಾದ, ಹೋದರೂ ನಷ್ಟವಿಲ್ಲದವು ಇರುತ್ತವೆ. ಸಾಧನಕ್ಕೆ ಖರ್ಚು ಮಾಡಬೇಕಾದದ್ದು ಮೊದಲ ಗುಂಪಿನ ಸಲುವಾಗಿ; ಮೂರನೆಯ ಗುಂಪನ್ನು ಅಳಿಸಿಬಿಟ್ಟರೆ ಎಷ್ಟೋ ಸಲ ಬೇಕಾದ ಸಾಮರ್ಥ್ಯವೇ ಅರ್ಧಕ್ಕೆ ಇಳಿಯುತ್ತದೆ.

ಬಳಿಕ ಗಾತ್ರವನ್ನು ಲೆಕ್ಕ ಹಾಕಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬಲ್ಲಿ ಫೋಟೊ ಮತ್ತು ವಿಡಿಯೊಗಳು ಎಷ್ಟು ಜಾಗ ಹಿಡಿದಿವೆ ಎಂಬುದು ಕಾಣುತ್ತದೆ. ಇಂದಿನ ಫೋನುಗಳಲ್ಲಿ ಒಂದು ಫೋಟೊ ಸಾಮಾನ್ಯವಾಗಿ 2ರಿಂದ 5 ಎಂಬಿ ಇರುತ್ತದೆ, ಹಾಗಾಗಿ ಹತ್ತು ಸಾವಿರ ಫೋಟೊಗಳೂ 50 ಜಿಬಿಯೊಳಗೆ ಹಿಡಿಯುತ್ತವೆ. ಜಾಗ ನುಂಗುವುದು ವಿಡಿಯೊ. 4ಕೆ ಗುಣಮಟ್ಟದಲ್ಲಿ, ಸೆಕೆಂಡಿಗೆ 30 ಫ್ರೇಮಿನಂತೆ ತೆಗೆದ ವಿಡಿಯೊ ಹೊಸ ಸಂಕುಚನ ವಿಧಾನದಲ್ಲಿಯೂ ನಿಮಿಷಕ್ಕೆ ಸುಮಾರು 170 ಎಂಬಿಯಷ್ಟು ಆಗುತ್ತದೆ. ಅಂದರೆ ಒಂದು ಗಂಟೆಯ ವಿಡಿಯೊಗೆ 10 ಜಿಬಿ. ಮನೆಯವರೆಲ್ಲರ ಫೋನು, ಹಳೆಯ ಲ್ಯಾಪ್‌ಟಾಪ್, ಡ್ರಾಯರಿನಲ್ಲಿರುವ ಕಾರ್ಡುಗಳೆಲ್ಲವನ್ನೂ ಕೂಡಿಸಿ, ಬಂದ ಮೊತ್ತದ ಎರಡು ಪಟ್ಟು ಸಾಮರ್ಥ್ಯದ ಸಾಧನವನ್ನು ಗುರಿಯಾಗಿಟ್ಟುಕೊಳ್ಳಿ. ಇಬ್ಬರು ಮಕ್ಕಳಿರುವ ಮನೆಗೆ 1 ಟಿಬಿ (ಎಂದರೆ ಸುಮಾರು ಸಾವಿರ ಜಿಬಿ) ಹಲವು ವರ್ಷ ಸಾಕಾಗುತ್ತದೆ. ವಿಡಿಯೊ ಹೆಚ್ಚು ತೆಗೆಯುವವರು 2 ಟಿಬಿ ಕೊಳ್ಳುವುದು ಒಳ್ಳೆಯದು.

ಇಲ್ಲೊಂದು ಗೊಂದಲವನ್ನು ಈಗಲೇ ನಿವಾರಿಸಿಕೊಳ್ಳುವುದು ಮೇಲು. 1 ಟಿಬಿ ಎಂದು ಬರೆದ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದಾಗ 931 ಜಿಬಿ ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ; ವ್ಯತ್ಯಾಸ ಅಷ್ಟೇ. 64 ಜಿಬಿಯ ಪೆನ್ ಡ್ರೈವ್ 59 ಜಿಬಿ ಚಿಲ್ಲರೆ ತೋರಿಸಿದರೆ ಅಂಗಡಿಯವರು ಮೋಸ ಮಾಡಿದ್ದಾರೆ ಎಂದು ಭಾವಿಸಬೇಕಾಗಿಲ್ಲ. ನಿಜವಾದ ಮೋಸ ಬೇರೆ ರೀತಿಯದು, ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಹಂತ: ಸಾಧನದ ಬಗೆಯನ್ನು ಆರಿಸುವುದು

ಪೆನ್ ಡ್ರೈವ್, ಮೈಕ್ರೊ ಎಸ್‌ಡಿ ಕಾರ್ಡ್ ಮತ್ತು ಎಸ್‌ಎಸ್‌ಡಿ ಮೂರರ ಒಳಗೂ ಇರುವುದು ಫ್ಲ್ಯಾಶ್ ಮೆಮೊರಿಯೇ. ಅತಿ ಸೂಕ್ಷ್ಮವಾದ ಕೋಶಗಳಲ್ಲಿ ವಿದ್ಯುದಂಶವನ್ನು ಬಂಧಿಸಿಟ್ಟು, ಅದರ ಮಟ್ಟವನ್ನು ಅಳೆದು ಮಾಹಿತಿಯನ್ನು ಓದುವುದು ಇದರ ತತ್ವ. ಹಿಂದೆ ಒಂದು ಕೋಶದಲ್ಲಿ ಒಂದು ಬಿಟ್ (ಸೊನ್ನೆ ಅಥವಾ ಒಂದು ಎಂಬ, ಮಾಹಿತಿಯ ಅತಿ ಚಿಕ್ಕ ಅಂಶ) ಮಾತ್ರ ಇಡುತ್ತಿದ್ದರು. ಬೆಲೆ ಇಳಿಸುವ ಸಲುವಾಗಿ ಈಗ ಮೂರು ಬಿಟ್ ಇಡುವ ಟಿಎಲ್‌ಸಿ, ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ವಿಧಗಳು ಸಾಮಾನ್ಯವಾಗಿವೆ. ಮೂರು ಬಿಟ್ ಎಂದರೆ ಒಂದೇ ಕೋಶದಲ್ಲಿ ವಿದ್ಯುದಂಶದ 8 ಮಟ್ಟಗಳನ್ನು, ನಾಲ್ಕು ಬಿಟ್ ಎಂದರೆ 16 ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಬಂಧಿಸಿಟ್ಟ ವಿದ್ಯುದಂಶ ಕಾಲಕ್ರಮದಲ್ಲಿ ನಿಧಾನವಾಗಿ ಸೋರುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಸೋರುತ್ತದೆ. ಮಟ್ಟಗಳ ನಡುವಿನ ಅಂತರ ಕಿರಿದಾದಷ್ಟೂ ಅಲ್ಪ ಸೋರಿಕೆಯೇ ಓದುವಿಕೆಯನ್ನು ಕೆಡಿಸಬಲ್ಲದು. ಸೆಮಿಕಂಡಕ್ಟರ್ ಉದ್ಯಮದ ಮಾನಕಗಳನ್ನು ರೂಪಿಸುವ ಜೆಡೆಕ್ ಸಂಸ್ಥೆ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗೆ ವಿಧಿಸಿರುವ ನಿಯಮವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಬರೆಯುವ ಆಯುಷ್ಯವನ್ನು ಪೂರ್ತಿ ಮುಗಿಸಿದ ಎಸ್‌ಎಸ್‌ಡಿ, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿಯನ್ನು ಹಿಡಿದಿಟ್ಟರೆ ಸಾಕು. ಹೊಸದಾಗಿರುವ, ಕಡಿಮೆ ಬಳಸಿದ ಸಾಧನ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿದಿಡುತ್ತದೆ. ಆದರೂ ಫ್ಲ್ಯಾಶ್ ಮೆಮೊರಿಯನ್ನು ಹತ್ತು ವರ್ಷ ಬೀರುವಿನಲ್ಲಿಟ್ಟು ಮರೆಯಬಹುದಾದ ವಸ್ತುವೆಂದು ಯಾರೂ ತಿಳಿಯಬಾರದು.

ತತ್ವ ಒಂದೇ ಆದರೂ ಮೂರರ ಗುಣಮಟ್ಟ ಒಂದೇ ಅಲ್ಲ. ಎಸ್‌ಎಸ್‌ಡಿಯ ಒಳಗಿರುವ ನಿಯಂತ್ರಕ ಚಿಪ್ ಬರವಣಿಗೆಯ ಭಾರವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುತ್ತದೆ, ಸಣ್ಣ ದೋಷಗಳನ್ನು ತಾನೇ ತಿದ್ದುತ್ತದೆ, ತನ್ನ ಆರೋಗ್ಯದ ವರದಿಯನ್ನು ಕಂಪ್ಯೂಟರಿಗೆ ಕೊಡುತ್ತದೆ. ಅಗ್ಗದ ಪೆನ್ ಡ್ರೈವ್‌ನಲ್ಲಿ ನಿಯಂತ್ರಕವೂ ಸರಳ, ಫ್ಲ್ಯಾಶ್ ಚಿಪ್ ಕೂಡ ಅನೇಕ ವೇಳೆ ಕೆಳದರ್ಜೆಯದು, ಆರೋಗ್ಯದ ವರದಿಯಂತೂ ಇರುವುದೇ ಇಲ್ಲ. ನಿನ್ನೆಯವರೆಗೆ ಸರಿಯಾಗಿದ್ದ ಪೆನ್ ಡ್ರೈವ್ ಇಂದು ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳುವುದು ಈ ಕಾರಣಕ್ಕೆ. ಮೈಕ್ರೊ ಎಸ್‌ಡಿ ಕಾರ್ಡಿಗೆ ಇನ್ನೂ ಒಂದು ಕೊರತೆಯಿದೆ: 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಆ ತುಣುಕು ಕಳೆದುಹೋಗುವುದು ಅತಿ ಸುಲಭ, ಮತ್ತು ಅದರ ನಿಯಂತ್ರಕ, ಮೆಮೊರಿ ಎಲ್ಲವೂ ಒಂದೇ ಅಚ್ಚಿನಲ್ಲಿ ಸೇರಿರುವುದರಿಂದ ಕೆಟ್ಟಾಗ ಮಾಹಿತಿಯನ್ನು ಹೊರತೆಗೆಸುವುದು ಕಷ್ಟದ, ದುಬಾರಿ ಕೆಲಸ.

ಪೋರ್ಟಬಲ್ ಹಾರ್ಡ್ ಡಿಸ್ಕಿನ ಮಾತು ಬೇರೆ. ಅದರಲ್ಲಿ ಮಾಹಿತಿ ಕಾಂತೀಯವಾಗಿ ದಾಖಲಾಗುವುದರಿಂದ ವಿದ್ಯುದಂಶ ಸೋರುವ ಪ್ರಶ್ನೆಯೇ ಬರುವುದಿಲ್ಲ, ಮತ್ತು ಅಷ್ಟೇ ಹಣಕ್ಕೆ ಎಸ್‌ಎಸ್‌ಡಿಗಿಂತ ಹೆಚ್ಚು ಸಾಮರ್ಥ್ಯ ಸಿಗುತ್ತದೆ. ಅದರ ದೌರ್ಬಲ್ಯ ಚಲಿಸುವ ಭಾಗಗಳು. ನಿಮಿಷಕ್ಕೆ 5400 ಸುತ್ತಿನ ಆಸುಪಾಸಿನಲ್ಲಿ ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತಲೂ ಎಷ್ಟೋ ಪಟ್ಟು ಕಿರಿದಾದ ಅಂತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ಕೆಲಸ ಮಾಡುತ್ತಿರುವಾಗ ಮೇಜಿನಿಂದ ಬಿದ್ದರೆ ತಲೆ ತಟ್ಟೆಗೆ ತಾಗಿ ಎಲ್ಲವೂ ಹೋಗಬಹುದು. ಹಾರ್ಡ್ ಡಿಸ್ಕ್ ಸಾಯುವ ಮುನ್ನ ಬಹಳ ಸಲ ನಿಧಾನವಾಗುವುದು, ಟಿಕ್ ಟಿಕ್ ಸದ್ದು ಮಾಡುವುದು ಮುಂತಾದ ಸೂಚನೆಗಳನ್ನು ಕೊಡುತ್ತದೆ. ಎಸ್‌ಎಸ್‌ಡಿ ಬಿದ್ದರೆ ಹೆದರಬೇಕಿಲ್ಲ, ಆದರೆ ಅದು ಕೆಡುವಾಗ ಹೆಚ್ಚಾಗಿ ಸದ್ದಿಲ್ಲದೆ, ಒಮ್ಮೆಲೇ ಕೆಡುತ್ತದೆ.

ಹೀಗಾಗಿ ನನ್ನ ಶಿಫಾರಸು ಇದು. ಮನೆಯಲ್ಲೇ ಇಟ್ಟು ವರ್ಷಕ್ಕೆ ಕೆಲವು ಸಲ ತೆರೆಯುವ ಕುಟುಂಬದ ಸಂಗ್ರಹಕ್ಕೆ 1 ಅಥವಾ 2 ಟಿಬಿಯ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕುಗಳನ್ನು ಕೊಳ್ಳಿ, ಎರಡೂ ಬೇರೆಬೇರೆ ಕಂಪನಿಯವಾಗಿರಲಿ. ಒಂದೇ ಕಂತಿನಲ್ಲಿ ತಯಾರಾದ ಎರಡು ಡಿಸ್ಕುಗಳಲ್ಲಿ ಒಂದೇ ದೋಷ ಇರುವ ಸಾಧ್ಯತೆ ಹೀಗೆ ತಪ್ಪುತ್ತದೆ. ದಿನವೂ ಚೀಲದಲ್ಲಿ ಲ್ಯಾಪ್‌ಟಾಪಿನೊಂದಿಗೆ ಒಯ್ಯುವ ಪತ್ರಕರ್ತರು, ಸಂಶೋಧನಾ ವಿದ್ಯಾರ್ಥಿಗಳು, ಫೋಟೊಗ್ರಾಫರುಗಳು ಒಯ್ಯುವುದಕ್ಕೆ ಒಂದು ಎಸ್‌ಎಸ್‌ಡಿ, ಮನೆಯಲ್ಲಿಡುವುದಕ್ಕೆ ಒಂದು ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಲಿ. ಪೆನ್ ಡ್ರೈವ್ ಒಂದು ಇರಲಿ, ಅದರ ಕೆಲಸ ಬೇರೆ. ಡಿವಿಡಿಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ: ಓದುವ ಡ್ರೈವ್ ಇರುವ ಲ್ಯಾಪ್‌ಟಾಪುಗಳೇ ವಿರಳವಾಗಿವೆ, ಆದ್ದರಿಂದ ಹಳೆಯ ಡಿಸ್ಕುಗಳಲ್ಲಿ ಇರುವುದನ್ನು ಆದಷ್ಟು ಬೇಗ ಹೊರತೆಗೆದುಕೊಳ್ಳಿ.

ಮೂರನೆಯ ಹಂತ: ಪೆಟ್ಟಿಗೆಯ ಮೇಲಿನ ಅಂಕೆಗಳನ್ನು ಓದುವುದು

ಸಾಧನವನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಮಾನಕದ 2.0 ಆವೃತ್ತಿ ಸೆಕೆಂಡಿಗೆ 480 ಮೆಗಾಬಿಟ್ ವೇಗದ್ದು. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಬಿ (ಮೆಗಾಬೈಟ್) ಲೆಕ್ಕದಲ್ಲಿ ಇದು 60; ಬಳಕೆಯಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ದಾಟುವುದಿಲ್ಲ. 2008ರಲ್ಲಿ ಬಂದ ಯುಎಸ್‌ಬಿ 3.0 ಇದನ್ನು 5 ಗಿಗಾಬಿಟ್‌ಗೆ ಏರಿಸಿತು. ಅದೇ 5 ಗಿಗಾಬಿಟ್‌ಗೆ ಬಳಿಕ 3.1 ಜೆನ್ 1 ಎಂದೂ, ಆಮೇಲೆ 3.2 ಜೆನ್ 1 ಎಂದೂ ಹೆಸರು ಬದಲಾಯಿತು. ಹಾಗಾಗಿ ಪೆಟ್ಟಿಗೆಯ ಮೇಲೆ 3.2 ಎಂದು ಕಂಡ ಮಾತ್ರಕ್ಕೆ ಅದು 3.0ಗಿಂತ ವೇಗದ್ದೆಂದು ತಿಳಿಯಬೇಡಿ. ಪಕ್ಕದಲ್ಲಿ 5, 10 ಅಥವಾ 20 ಗಿಗಾಬಿಟ್ ಎಂದು ಏನು ಬರೆದಿದೆ ಎಂಬುದನ್ನು ನೋಡಿ. ಟೈಪ್ ಸಿ ಎಂಬುದು ಕನೆಕ್ಟರಿನ ಆಕಾರದ ಹೆಸರು, ಅದಕ್ಕೂ ವೇಗಕ್ಕೂ ನೇರ ಸಂಬಂಧವಿಲ್ಲ. ಫೋನಿನ ಚಾರ್ಜರ್ ಜೊತೆ ಬರುವ ಟೈಪ್ ಸಿ ಕೇಬಲ್ಲುಗಳಲ್ಲಿ ಬಹುಪಾಲು ಯುಎಸ್‌ಬಿ 2.0 ವೇಗದವು, ಆದ್ದರಿಂದ ಎಸ್‌ಎಸ್‌ಡಿಯನ್ನು ಅದರೊಂದಿಗೆ ಬಂದ ಕೇಬಲ್ಲಿನಿಂದಲೇ ಜೋಡಿಸಿ.

ವೇಗದ ವ್ಯತ್ಯಾಸ ಕೈಗೆ ಸಿಗುವುದು ಸಮಯದಲ್ಲಿ. 64 ಜಿಬಿಯಷ್ಟು ಫೋಟೊಗಳನ್ನು ಸೆಕೆಂಡಿಗೆ 10 ಎಂಬಿ ಬರೆಯುವ ಅಗ್ಗದ ಪೆನ್ ಡ್ರೈವ್‌ಗೆ ತುಂಬಲು ಒಂದೂಮುಕ್ಕಾಲು ಗಂಟೆ ಹಿಡಿದರೆ, 120 ಎಂಬಿ ಬರೆಯುವ ಹಾರ್ಡ್ ಡಿಸ್ಕಿಗೆ ಸುಮಾರು 9 ನಿಮಿಷ, 500 ಎಂಬಿಯ ಎಸ್‌ಎಸ್‌ಡಿಗೆ ಎರಡು ನಿಮಿಷ ಸಾಕು. ಸಾವಿರಾರು ಚಿಕ್ಕ ಫೈಲುಗಳಿದ್ದರೆ ಎಲ್ಲದರ ವೇಗವೂ ಇಳಿಯುತ್ತದೆ. ಪೆನ್ ಡ್ರೈವ್‌ಗಳ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಓದುವ ವೇಗ. ಬರೆಯುವ ವೇಗ ಅದರ ಅರ್ಧಕ್ಕಿಂತಲೂ ಕಡಿಮೆ ಇರಬಹುದು, ಎಷ್ಟೋ ತಯಾರಕರು ಅದನ್ನು ನಮೂದಿಸುವುದೇ ಇಲ್ಲ. ವರ್ಷಕ್ಕೆ ನಾಲ್ಕು ಸಲ ಬ್ಯಾಕಪ್ ಮಾಡುವ ಮನೆಗೆ 2000 ಎಂಬಿ ವೇಗದ ಎಸ್‌ಎಸ್‌ಡಿಗೆ ಹೆಚ್ಚು ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ. ಆ ಹಣದಲ್ಲಿ ಎರಡನೆಯ ಡಿಸ್ಕ್ ಬರಲಿ.

ಮೈಕ್ರೊ ಎಸ್‌ಡಿ ಕಾರ್ಡ್ ಬೇಕೇ ಬೇಕಾದವರು, ಎಂದರೆ ಕ್ಯಾಮೆರಾ, ಡ್ರೋನ್, ಕಾರಿನ ಡ್ಯಾಶ್‌ಕ್ಯಾಮ್ ಬಳಸುವವರು, ವಿ30 ಎಂಬ ಗುರುತನ್ನು ನೋಡಿ ಕೊಳ್ಳಲಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಸತತವಾಗಿ ಬರೆಯುತ್ತದೆ ಎಂಬುದು ಅದರ ಅರ್ಥ. ಎ1, ಎ2 ಗುರುತುಗಳು ಫೋನಿನಲ್ಲಿ ಆ್ಯಪ್‌ಗಳನ್ನು ಕಾರ್ಡಿನಿಂದಲೇ ನಡೆಸುವುದಕ್ಕೆ ಸಂಬಂಧಿಸಿದವು. ಆಂಡ್ರಾಯ್ಡ್ ಫೋನು ಕಾರ್ಡನ್ನು ಒಳಗಿನ ಸಂಗ್ರಹವಾಗಿ ಬಳಸಲೇ ಎಂದು ಕೇಳಿದರೆ ಬೇಡವೆನ್ನಿ: ಹಾಗೆ ಮಾಡಿದರೆ ಕಾರ್ಡ್ ಆ ಫೋನಿಗೆ ಮಾತ್ರ ಓದಬಲ್ಲ ಗುಪ್ತ ರೂಪಕ್ಕೆ ಬದಲಾಗುತ್ತದೆ (ಗೂಢಲಿಪೀಕರಣ), ಮತ್ತು ಫೋನ್ ಕೆಟ್ಟ ದಿನ ಕಾರ್ಡಿನಲ್ಲಿರುವ ಫೋಟೊಗಳು ಬೇರೆಲ್ಲಿಯೂ ತೆರೆಯುವುದಿಲ್ಲ.

ನಾಲ್ಕನೆಯ ಹಂತ: ಮನೆಯ ಉಪಕರಣಗಳಿಗೆ ಹೊಂದುತ್ತದೆಯೇ

ಕಂಪ್ಯೂಟರ್ ಇಲ್ಲದೆ ಫೋನನ್ನೇ ನೆಚ್ಚಿಕೊಂಡ ಮನೆಗಳು ಈಗ ಬಹಳ. ಅಂಥವರಿಗೆ ಒಂದು ತುದಿಯಲ್ಲಿ ಟೈಪ್ ಸಿ, ಇನ್ನೊಂದರಲ್ಲಿ ಸಾಮಾನ್ಯ ಯುಎಸ್‌ಬಿ ಇರುವ ಪೆನ್ ಡ್ರೈವ್ ಮಾಹಿತಿ ಒಯ್ಯುವುದಕ್ಕೆ, ನೇರವಾಗಿ ಜೋಡಿಸುವ ಟೈಪ್ ಸಿ ಎಸ್‌ಎಸ್‌ಡಿ ಕಾಪಾಡಿಡುವುದಕ್ಕೆ ಅನುಕೂಲ. ಫೋನಿಗೆ ಒಟಿಜಿ, ಎಂದರೆ ಹೊರಗಿನ ಯುಎಸ್‌ಬಿ ಸಾಧನವನ್ನು ನೇರವಾಗಿ ಜೋಡಿಸುವ ಸೌಲಭ್ಯ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಕೆಲವು ಕಂಪನಿಗಳ ಫೋನಿನಲ್ಲಿ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಪ್ರತಿಸಲ ಚಾಲೂ ಮಾಡಬೇಕಾಗುತ್ತದೆ. ಐಫೋನಿನಲ್ಲಿ ಹೊರಗಿನ ಡ್ರೈವ್ ತೆರೆಯುವ ಸೌಲಭ್ಯ 2019ರ ಐಒಎಸ್ 13ರಿಂದ ಇದೆ, ಟೈಪ್ ಸಿ ಪೋರ್ಟ್ 2023ರ ಐಫೋನ್ 15ರಿಂದ ಬಂದಿದೆ. ಅದಕ್ಕಿಂತ ಹಿಂದಿನವುಗಳಿಗೆ ಅಡಾಪ್ಟರ್ ಬೇಕು. ಹಾರ್ಡ್ ಡಿಸ್ಕಿನ ಮೋಟಾರು ತಿರುಗಲು ಬೇಕಾದಷ್ಟು ವಿದ್ಯುತ್ತನ್ನು ಎಲ್ಲ ಫೋನುಗಳೂ ಕೊಡಲಾರವು. ಡಿಸ್ಕ್ ಟಿಕ್ ಟಿಕ್ ಎಂದು ಮತ್ತೆ ಮತ್ತೆ ಶುರುವಾಗಿ ನಿಲ್ಲುತ್ತಿದ್ದರೆ ತಕ್ಷಣ ಕಳಚಿ, ಕಂಪ್ಯೂಟರಿಗೆ ಅಥವಾ ಪ್ರತ್ಯೇಕ ವಿದ್ಯುತ್ ಇರುವ ಹಬ್‌ಗೆ ಜೋಡಿಸಿ.

ಐದನೆಯ ಹಂತ: ಕೊಳ್ಳುವುದು ಮತ್ತು ನಕಲಿಯನ್ನು ಗುರುತಿಸುವುದು

ಈ ಹಂತವನ್ನು ದಯವಿಟ್ಟು ಯಾರೂ ಹಾರಿಸಿ ಓದಬೇಡಿ. ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್, ಸಾವಿರದೈನೂರಕ್ಕೆ 16 ಟಿಬಿ ಎಸ್‌ಎಸ್‌ಡಿ ಎಂಬ ಜಾಹೀರಾತುಗಳು ಅಂತರ್ಜಾಲದ ಮಾರುಕಟ್ಟೆಗಳಲ್ಲಿ ಕಾಣುತ್ತಲೇ ಇರುತ್ತವೆ. ಇವುಗಳ ಒಳಗೆ 32 ಅಥವಾ 64 ಜಿಬಿಯ ಚಿಪ್ ಇಟ್ಟು, ನಿಯಂತ್ರಕದ ತಂತ್ರಾಂಶವನ್ನು ತಿದ್ದಿ, ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೂ ಅದು ಬರೆಯುತ್ತಲೇ ಹೋಗುತ್ತದೆ, ಫೈಲಿನ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಯಾವ ದೋಷಸೂಚನೆಯೂ ಬರುವುದಿಲ್ಲ. ಆದರೆ ಹೊಸದು ಹಳೆಯದರ ಮೇಲೆಯೇ ಬರೆಯಲ್ಪಟ್ಟಿರುತ್ತದೆ ಅಥವಾ ಎಲ್ಲಿಯೂ ಬರೆಯಲ್ಪಟ್ಟಿರುವುದಿಲ್ಲ. ತಿಂಗಳುಗಳ ನಂತರ ಫೋಟೊ ತೆರೆಯಲು ಹೋದಾಗಲೇ ನಷ್ಟ ತಿಳಿಯುವುದು, ಅಷ್ಟರಲ್ಲಿ ಫೋನಿನ ಮೂಲ ಪ್ರತಿಯನ್ನು ಜಾಗಕ್ಕಾಗಿ ಅಳಿಸಿಯಾಗಿರುತ್ತದೆ. ಪ್ರಸಿದ್ಧ ಕಂಪನಿಗಳ ಹೆಸರಿನ ನಕಲಿ ಮೆಮೊರಿ ಕಾರ್ಡುಗಳಲ್ಲೂ ಇದೇ ವಂಚನೆ ನಡೆಯುತ್ತದೆ, ಮತ್ತು ಅವುಗಳ ಪ್ಯಾಕಿಂಗ್ ನೋಡಿ ಅಸಲಿ ಯಾವುದೆಂದು ಹೇಳುವುದು ಕಷ್ಟ.

ಆದ್ದರಿಂದ ಬೆಲೆ ಪೇಟೆಯ ದರಕ್ಕಿಂತ ಅಸಹಜವಾಗಿ ಕಡಿಮೆ ಇದ್ದರೆ ಅದನ್ನು ಬಿಟ್ಟುಬಿಡಿ. ಜಿಎಸ್‌ಟಿ ಬಿಲ್ಲು ಕೊಡುವ ಅಂಗಡಿಯಿಂದ ಅಥವಾ ಕಂಪನಿಯ ಅಧಿಕೃತ ಮಾರಾಟಗಾರರಿಂದ ಕೊಳ್ಳಿ, ಸೀರಿಯಲ್ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಎಲ್ಲಿಯವರೆಗಿದೆ ಎಂದು ನೋಡಿ. ಮನೆಗೆ ತಂದ ಕೂಡಲೇ, ಒಂದು ಫೋಟೊವನ್ನೂ ಹಾಕುವ ಮೊದಲು, ಪೂರ್ತಿ ಸಾಮರ್ಥ್ಯವನ್ನು ಪರೀಕ್ಷಿಸಿ. ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯು’, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶಗಳು ಈ ಕೆಲಸಕ್ಕಾಗಿಯೇ ಇವೆ. ಇವು ಸಾಧನದ ಕೊನೆಯವರೆಗೂ ಮಾದರಿ ಮಾಹಿತಿಯನ್ನು ಬರೆದು, ಮತ್ತೆ ಓದಿ, ಬರೆದದ್ದೂ ಓದಿದ್ದೂ ಒಂದೇ ಆಗಿದೆಯೇ ಎಂದು ಹೋಲಿಸುತ್ತವೆ. ದೊಡ್ಡ ಡಿಸ್ಕಿಗೆ ಇದು ಹಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿದರಾಯಿತು. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನವೇ ಇದನ್ನು ಮುಗಿಸಿ, ಒಂದೇ ಒಂದು ದೋಷ ಕಂಡರೂ ಸಾಧನವನ್ನು ಮರಳಿಸಿ.

ವಾರಂಟಿಯ ಬಗ್ಗೆ ಒಂದು ಮಾತು. ಮೂರು ಅಥವಾ ಐದು ವರ್ಷದ ವಾರಂಟಿ ಒಳ್ಳೆಯದೇ, ಆದರೆ ಕೆಟ್ಟ ಡಿಸ್ಕಿಗೆ ಬದಲು ಬೇರೊಂದು ಡಿಸ್ಕ್ ಕೊಡುವುದಷ್ಟೇ ಅದರ ಹೊಣೆ. ಅದರೊಳಗಿನ ಫೋಟೊಗಳಿಗೆ ಸಾಮಾನ್ಯ ವಾರಂಟಿ ಜವಾಬ್ದಾರಿ ಹೊರುವುದಿಲ್ಲ.

ಆರನೆಯ ಹಂತ: ಫಾರ್ಮ್ಯಾಟ್ ಮಾಡುವುದು

ಫಾರ್ಮ್ಯಾಟ್ ಮಾಡುವುದೆಂದರೆ ಸಾಧನದಲ್ಲಿರುವುದನ್ನು ಅಳಿಸಿ, ಫೈಲುಗಳನ್ನು ಯಾವ ವಿಧಾನದಲ್ಲಿ ಜೋಡಿಸಿಡಬೇಕೆಂದು ನಿಗದಿಪಡಿಸುವುದು. ಫ್ಯಾಟ್32 ಎಂಬ ಹಳೆಯ ವಿಧಾನದಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲನ್ನು ಇಡಲಾಗದು. ಜಾಗ ಇದ್ದರೂ ಮದುವೆಯ ವಿಡಿಯೊ ನಕಲಾಗದಿರುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಸೂಕ್ತ; ಮ್ಯಾಕ್ ತಾನಾಗಿ ಅದನ್ನು ಓದುತ್ತದೆಯೇ ಹೊರತು ಬರೆಯುವುದಿಲ್ಲ. ವಿಂಡೋಸ್, ಮ್ಯಾಕ್, ಫೋನು, ಟಿವಿ ಎಲ್ಲದರ ನಡುವೆ ಓಡಾಡುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಇರಲಿ. ಎಕ್ಸ್‌ಫ್ಯಾಟ್‌ನಲ್ಲಿ ಬರವಣಿಗೆ ಅರ್ಧಕ್ಕೆ ನಿಂತರೆ ಸರಿಪಡಿಸಿಕೊಳ್ಳುವ ವ್ಯವಸ್ಥೆ ದುರ್ಬಲ, ಆದ್ದರಿಂದ ನಕಲು ನಡೆಯುವಾಗ ಕೀಳದೆ, ಕಂಪ್ಯೂಟರಿನಲ್ಲಿ ‘ಇಜೆಕ್ಟ್’ ಕೊಟ್ಟ ಮೇಲೆಯೇ ತೆಗೆಯುವ ಅಭ್ಯಾಸ ಬೇಕು. ಕರೆಂಟು ಆಗಾಗ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗಿಂತ ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿನಿಂದ ನಕಲು ಮಾಡುವುದು ಕ್ಷೇಮ.

ಏಳನೆಯ ಹಂತ: ಬೀಗ ಹಾಕುವುದು

ಆಧಾರ್, ಪ್ಯಾನ್, ಬ್ಯಾಂಕಿನ ವಿವರ, ಆಸ್ತಿಪತ್ರ, ವೈದ್ಯಕೀಯ ವರದಿಗಳಿರುವ ಸಾಧನ ಬಸ್ಸಿನಲ್ಲಿ ಬಿದ್ದುಹೋದರೆ ಸಿಕ್ಕವರು ಎಲ್ಲವನ್ನೂ ತೆರೆದು ನೋಡಬಲ್ಲರು. ಕಂಪ್ಯೂಟರಿನ ಪಾಸ್‌ವರ್ಡ್ ಹೊರಗಿನ ಡಿಸ್ಕನ್ನು ಕಾಯುವುದಿಲ್ಲ. ವಿಂಡೋಸ್‌ನ ಪ್ರೊ ಆವೃತ್ತಿ ಇರುವವರು ಅದರಲ್ಲೇ ಇರುವ, ಹೊರಗಿನ ಡ್ರೈವ್‌ಗೆ ಪಾಸ್‌ವರ್ಡಿನ ಬೀಗ ಹಾಕುವ ಬಿಟ್‌ಲಾಕರ್ ಟು ಗೋ ಬಳಸಬಹುದು. ಹೋಮ್ ಆವೃತ್ತಿಯಲ್ಲಿ ಹೊಸದಾಗಿ ಬೀಗ ಹಾಕಲಾಗದಿದ್ದರೂ ಬೀಗ ಹಾಕಿದ ಡ್ರೈವನ್ನು ತೆರೆಯಬಹುದು. ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯೇ ಈ ಕೆಲಸ ಮಾಡುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುವ ಉಚಿತ, ಮುಕ್ತ ತಂತ್ರಾಂಶ ಬೇಕಾದರೆ ವೆರಾಕ್ರಿಪ್ಟ್ ಇದೆ.

ಎಲ್ಲಕ್ಕೂ ಬೀಗ ಹಾಕಬೇಕೆಂದು ನಾನು ಹೇಳುವುದಿಲ್ಲ. ಮದುವೆಯ ವಿಡಿಯೊ, ಮಕ್ಕಳ ಫೋಟೊಗಳು ಮನೆಯ ಎಲ್ಲರೂ, ವಯಸ್ಸಾದವರೂ, ಯಾರ ನೆರವೂ ಇಲ್ಲದೆ ತೆರೆಯುವಂತಿರಬೇಕು. ದಾಖಲೆಗಳ ಫೋಲ್ಡರಿಗೆ ಮಾತ್ರ ಬೀಗ ಸಾಕು. ಬೀಗದ ಪಾಸ್‌ವರ್ಡ್ ಮರೆತರೆ ತಯಾರಕರೂ ತೆರೆಯಲಾರರು, ಆದ್ದರಿಂದ ಅದನ್ನೂ ಬಿಟ್‌ಲಾಕರ್ ಕೊಡುವ 48 ಅಂಕಿಗಳ ರಿಕವರಿ ಕೀಲಿಯನ್ನೂ ಕಾಗದದ ಮೇಲೆ ಬರೆದು, ಡಿಸ್ಕಿನಿಂದ ದೂರ, ಆಸ್ತಿಪತ್ರಗಳನ್ನು ಇಡುವ ಜಾಗದಲ್ಲಿ ಇಡಿ. ಆ ಕಾಗದ ಎಲ್ಲಿದೆ ಎಂಬುದು ಸಂಗಾತಿಗೋ ಮಕ್ಕಳಿಗೋ ತಿಳಿದಿರಬೇಕು. ಮನೆಯ ಯಜಮಾನರು ತೀರಿಕೊಂಡ ಮೇಲೆ ವಿಮೆಯ ಪತ್ರ ಬೀಗದೊಳಗೆ ಉಳಿಯುವ ಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು.

ಎಂಟನೆಯ ಹಂತ: ನಕಲು ಮಾಡುವುದು, ತಾಳೆ ನೋಡುವುದು

ಅಮೆರಿಕದ ಫೋಟೊಗ್ರಾಫರ್ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ನಿಯಮ ಮನೆಗೂ ಸರಿಹೊಂದುತ್ತದೆ: ಮಾಹಿತಿಯ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಜಾಗದಲ್ಲಿ. ಫೋನು ಅಥವಾ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದು, ಮನೆಯ ಡಿಸ್ಕಿನಲ್ಲಿ ಒಂದು, ಇನ್ನೊಂದು ಡಿಸ್ಕ್ ಊರಿನ ತಂದೆತಾಯಿಯ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇರಲಿ. ಬೆಂಗಳೂರಿನಲ್ಲಿ ಕೆಲಸ, ಊರಿನಲ್ಲಿ ಮನೆ ಇರುವವರಿಗೆ ಇದು ಬಹಳ ಸುಲಭ: ಹಬ್ಬಕ್ಕೆ ಹೋಗುವಾಗ ಹೊಸದಾಗಿ ತುಂಬಿದ ಡಿಸ್ಕನ್ನು ಒಯ್ದು ಅಲ್ಲಿರುವುದನ್ನು ತಂದರೆ ಎರಡೂ ಸರದಿಯಲ್ಲಿ ನವೀಕರಣವಾಗುತ್ತವೆ. ವಿದೇಶದಲ್ಲಿರುವವರು ಬೇರೆ ಜಾಗದ ಪ್ರತಿಗೆ ಕ್ಲೌಡ್ (ಅಂತರ್ಜಾಲದ ಮೂಲಕ ಮಾಹಿತಿ ಇಡುವ ಸೇವೆ) ಬಳಸಬಹುದು. ನಕಲು ಮುಗಿದ ಕೂಡಲೇ ಡಿಸ್ಕನ್ನು ಕಳಚಿಡಿ. ಸದಾ ಜೋಡಿಸಿಯೇ ಇಟ್ಟರೆ ಕಂಪ್ಯೂಟರಿಗೆ ತಗುಲಿದ ರ‍್ಯಾನ್ಸಮ್‌ವೇರ್ (ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ದುಷ್ಟ ತಂತ್ರಾಂಶ) ಅದರೊಳಗಿನ ಫೈಲುಗಳನ್ನೂ ಕೆಡಿಸುತ್ತದೆ.

ಫೋಲ್ಡರುಗಳಿಗೆ ವರ್ಷ ಮತ್ತು ತಿಂಗಳಿನಿಂದ ಆರಂಭವಾಗುವ ಹೆಸರಿಡಿ. ‘2019-05 ಅಕ್ಕನ ಮದುವೆ’ ಎಂದಿದ್ದರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ನಕಲಾದ ಬಳಿಕ ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಿ, ಅಲ್ಲಲ್ಲಿ ಕೆಲವು ಫೋಟೊ, ವಿಡಿಯೊಗಳನ್ನು ತೆರೆದು ನೋಡಿ. ಟೆರಾಕಾಪಿಯಂಥ ತಂತ್ರಾಂಶ ಪ್ರತಿ ಫೈಲನ್ನೂ ತಾಳೆ ನೋಡಬಲ್ಲದು. ಫೋನಿನಿಂದ ಅಳಿಸುವುದು ಎರಡನೆಯ ಪ್ರತಿಯೂ ಸಿದ್ಧವಾದ ಮೇಲೆಯೇ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಕೆಲಸವಿದೆ. ನುಡಿ, ಬರಹ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ, ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಬರುವ ಮುಂಚಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕಥೆ, ಪ್ರಬಂಧ, ಪತ್ರಗಳು ಡಿಸ್ಕಿನಲ್ಲಿ ಒಂದು ಅಕ್ಷರವೂ ಕೆಡದೆ ಉಳಿದಿದ್ದರೂ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರುತ್ತವೆ. ಅಂಥ ಪ್ರತಿಯೊಂದು ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸಿದ ಪ್ರತಿ, ಫಾಂಟ್ ಅಡಕವಾಗಿರುವ ಪಿಡಿಎಫ್ ಪ್ರತಿ, ಮೂಲ ಫೈಲ್ ಮತ್ತು ಆ ಫಾಂಟಿನ ಫೈಲ್ ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿಡಿ. ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ತಪ್ಪಬಹುದು, ಒಮ್ಮೆ ಓದಿ ನೋಡಿ. ಊರಿನ ಇತಿಹಾಸ, ಜನಪದ ಗೀತೆಗಳ ಸಂಗ್ರಹ ಮುಂತಾದ ಎಷ್ಟೋ ಬೆಲೆಬಾಳುವ ಬರಹಗಳು ಹೀಗೆ ಇದ್ದೂ ಇಲ್ಲದಂತಾಗುತ್ತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಒಂಬತ್ತನೆಯ ಹಂತ: ಜೆರಾಕ್ಸ್ ಅಂಗಡಿಗೆ ಬೇರೆ ಪೆನ್ ಡ್ರೈವ್

ಪೆನ್ ಡ್ರೈವ್‌ನ ನಿಜವಾದ ಕೆಲಸ ಇಲ್ಲಿದೆ. ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಕಾಲೇಜಿನ ಲ್ಯಾಬ್‌ಗಳ ಕಂಪ್ಯೂಟರಿಗೆ ದಿನಕ್ಕೆ ಹತ್ತಾರು ಜನರ ಪೆನ್ ಡ್ರೈವ್ ಸೇರುತ್ತದೆ. ಫೋಲ್ಡರುಗಳನ್ನೆಲ್ಲ ಮರೆಮಾಡಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳನ್ನು ಇಡುವ ವೈರಸ್ ಹರಡುವುದು ಹೀಗೆಯೇ. 8 ಅಥವಾ 16 ಜಿಬಿಯ ಒಂದು ಅಗ್ಗದ ಪೆನ್ ಡ್ರೈವನ್ನು ಇದಕ್ಕೆಂದೇ ಮೀಸಲಿಟ್ಟು, ಅಂದು ಮುದ್ರಿಸಬೇಕಾದ ಫೈಲನ್ನು ಮಾತ್ರ ಪಿಡಿಎಫ್ ರೂಪದಲ್ಲಿ ಹಾಕಿಕೊಂಡು ಹೋಗಿ. ಮನೆಗೆ ಬಂದ ಮೇಲೆ ಯಾವ ಶಾರ್ಟ್‌ಕಟ್ಟನ್ನೂ ಒತ್ತದೆ, ಆ್ಯಂಟಿವೈರಸ್‌ನಿಂದ ಪರೀಕ್ಷಿಸಿ ಫಾರ್ಮ್ಯಾಟ್ ಮಾಡಿ. ವೈರಸ್ ಬಂದಾಗ ಫೋಲ್ಡರುಗಳು ಅಳಿದುಹೋಗಿರುವುದಿಲ್ಲ, ಮರೆಯಾಗಿರುತ್ತವೆ ಅಷ್ಟೇ. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಯಿಂದ ಸಾಮಾನ್ಯವಾಗಿ ಅವು ಸಿಗುತ್ತವೆ. ಆಧಾರ್ ಪ್ರತಿ ಬೇಕಾದಲ್ಲಿ, ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಸಾಕೇ ಎಂದು ಕೇಳಿ ನೋಡಿ, ಮತ್ತು ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ನಿಮ್ಮ ಫೈಲನ್ನು ಎದುರಿಗೇ ಅಳಿಸುವಂತೆ ವಿನಯದಿಂದ ಕೇಳಿ. ದಾರಿಯಲ್ಲಿ ಸಿಕ್ಕ ಪೆನ್ ಡ್ರೈವನ್ನು ಎಂದಿಗೂ ಜೋಡಿಸಬೇಡಿ.

ಹತ್ತನೆಯ ಹಂತ: ಇಡುವ ಜಾಗ ಮತ್ತು ವರ್ಷದ ತಪಾಸಣೆ

ಮಲೆನಾಡು, ಕರಾವಳಿಗಳ ಮಳೆಗಾಲದ ತೇವ ಕನೆಕ್ಟರುಗಳಿಗೆ ತುಕ್ಕು ಹಿಡಿಸುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟರೆ ಈ ತೊಂದರೆ ತಪ್ಪುತ್ತದೆ, ಪೊಟ್ಟಣಗಳನ್ನು ಪ್ರತಿ ಮಳೆಗಾಲದ ಮುನ್ನ ಬದಲಿಸಿ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಚಿಂತೆ ಸೆಕೆಯದು: ಬಿಸಿಲಿಗೆ ನಿಂತ ಕಾರಿನೊಳಗೆ, ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಫ್ಲ್ಯಾಶ್ ಸಾಧನ ಇಡಬೇಡಿ, ನೆಲಮಟ್ಟದ ತಂಪಾದ ಕೋಣೆಯ ಬೀರು ಮೇಲು.

ವರ್ಷಕ್ಕೆ ಎರಡು ಸಲ, ಉದಾಹರಣೆಗೆ ಯುಗಾದಿ ಮತ್ತು ದೀಪಾವಳಿಯ ರಜೆಯಲ್ಲಿ, ಎಲ್ಲ ಡಿಸ್ಕುಗಳನ್ನು ಜೋಡಿಸಿ ಫೈಲುಗಳನ್ನು ಓದಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೊ ಎಂಬ ಉಚಿತ ತಂತ್ರಾಂಶ ಹೆಚ್ಚಿನ ಹಾರ್ಡ್ ಡಿಸ್ಕ್ ಮತ್ತು ಎಸ್‌ಎಸ್‌ಡಿಗಳ ಆರೋಗ್ಯವನ್ನು ತೋರಿಸುತ್ತದೆ. ‘ಗುಡ್’ ಎಂಬುದರ ಬದಲು ‘ಕಾಷನ್’ ಬಂದರೆ ಆ ದಿನವೇ ಬೇರೊಂದು ಡಿಸ್ಕಿಗೆ ಎಲ್ಲವನ್ನೂ ವರ್ಗಾಯಿಸಿ. ಏನೂ ದೋಷ ಕಾಣದಿದ್ದರೂ ಐದು ವರ್ಷ ಕಳೆದ ಡಿಸ್ಕನ್ನು ಏಕೈಕ ಆಧಾರವಾಗಿ ನಂಬದೆ, ಹೊಸದನ್ನು ತಂದು ಹಳೆಯದನ್ನು ಹೆಚ್ಚುವರಿ ಪ್ರತಿಯಾಗಿ ಇಟ್ಟುಕೊಳ್ಳಿ. ಡಿಸ್ಕ್ ಕೆಟ್ಟು ಒಳಗಿನದು ಬೇಕೇ ಬೇಕೆಂದಾದರೆ ಅದಕ್ಕೆ ಮತ್ತೆ ಮತ್ತೆ ವಿದ್ಯುತ್ ಕೊಡುವುದನ್ನು ಮೊದಲು ನಿಲ್ಲಿಸಿ. ಪ್ರತಿ ಪ್ರಯತ್ನವೂ ತಟ್ಟೆಯನ್ನು ಇನ್ನಷ್ಟು ಗೀರಬಹುದು.

ಹನ್ನೊಂದನೆಯ ಹಂತ: ಹಳೆಯದನ್ನು ವಿಲೇವಾರಿ ಮಾಡುವುದು

ಡಿಲೀಟ್ ಮಾಡಿದ, ಕ್ವಿಕ್ ಫಾರ್ಮ್ಯಾಟ್ ಕೊಟ್ಟ ಡಿಸ್ಕಿನಿಂದ ಫೈಲುಗಳನ್ನು ಮರಳಿ ತೆಗೆಯುವ ಉಚಿತ ತಂತ್ರಾಂಶಗಳೇ ಬೇಕಾದಷ್ಟಿವೆ. ಮಾರುವ ಅಥವಾ ಯಾರಿಗಾದರೂ ಕೊಡುವ ಮೊದಲು ವಿಂಡೋಸ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ಆಗ ಹಾರ್ಡ್ ಡಿಸ್ಕಿನ ಪ್ರತಿ ಭಾಗದ ಮೇಲೂ ಸೊನ್ನೆಗಳು ಬರೆಯಲ್ಪಡುತ್ತವೆ. ಫ್ಲ್ಯಾಶ್ ಸಾಧನದಲ್ಲಿ ನಿಯಂತ್ರಕ ಬದಿಗಿಟ್ಟ ಕೋಶಗಳಲ್ಲಿ ಹಳೆಯ ಮಾಹಿತಿ ಉಳಿಯಬಹುದಾದ್ದರಿಂದ, ಮೊದಲಿನಿಂದಲೇ ಬೀಗ ಹಾಕಿ ಬಳಸಿದ್ದರೆ ಅದೇ ದೊಡ್ಡ ರಕ್ಷಣೆ. ದಾಖಲೆಗಳಿದ್ದ, ಕೆಟ್ಟು ತೆರೆಯದಾದ ಪೆನ್ ಡ್ರೈವನ್ನು ಕೊಡುವ ಮುನ್ನ ಒಳಗಿನ ಕಪ್ಪು ಚಿಪ್ ಎರಡು ತುಂಡಾಗುವಂತೆ ಒಡೆದು, ಆ ಬಳಿಕ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.